ಮಗುವನ್ನು ಮನೆಗೆ ಕಳಿಸುವ ಮೊದಲು ಪ್ಲೇಟ್‌ಲೆಟ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಡೆಂಗಿ ಬಂದರೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. ಆಗ ತಾನೇ ಹುಟ್ಟಿದ ಕೂಸಿಗೂ ಅದು ಕುಸಿಯಬಹುದು ಅನ್ನುವುದು ಬಾಣಂತನ ಮಾಡುವ ನಮ್ಮಂಥ ಎಷ್ಟೋ ಅಜ್ಜಿಯರಿಗೆ ಗೊತ್ತಿಲ್ಲ.

ನನ್ನ ಮಗಳಿಗೆ ಮದುವೆಗೆ ಮುಂಚೆ ಐಟಿಪಿ ಬಂದಿತ್ತು. ರೋಗಾಣುಗಳ ಮೇಲೆ ಬೀಳಬೇಕಾದ ಆ್ಯಂಟಿಬಾಡಿಯನ್ನು ದೇಹ ತನ್ನದೇ ಪ್ಲೇಟ್‌ಲೆಟ್ ವಿರುದ್ಧ ಮಾಡಿಕೊಳ್ಳುವ ಕಾಯಿಲೆ ಅದು. ಆ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಸ್ಪ್ಲೀನ್ (ಗುಲ್ಮ) ತೆಗೆದ ಮೇಲೆ ಅವಳ ಕೌಂಟ್ ಸರಿಹೋಯಿತು. ಆದರೆ ಕೌಂಟ್ ಸರಿಯಿದ್ದರೂ ಆ್ಯಂಟಿಬಾಡಿ ರಕ್ತದಲ್ಲಿ ಉಳಿದಿರಬಹುದು, ಬಸಿರಿನಲ್ಲಿ ಮಾಸು ದಾಟಿ ಮಗುವಿಗೂ ಸೇರಬಹುದು. ತಾಯಿಯ ಕೌಂಟ್ ನೋಡಿ ಮಗುವಿನದನ್ನು ಹೇಳಲಾಗದು. ಹಳೇ ಕಾಯಿಲೆ ಫೈಲಿನಲ್ಲೇ ಇತ್ತು. ಆದರೂ ಹೆರಿಗೆಯಾದ ಆಸ್ಪತ್ರೆಯಲ್ಲಿ ‘ತಾಯಿಗೆ 2 ಲಕ್ಷ ಇದೆಯಲ್ಲ’ ಅಂದು, ಮಗುವಿನ ರಕ್ತ ನೋಡದೆ ಎರಡನೇ ದಿನ ಮನೆಗೆ ಕಳಿಸಿದರು. ಇಂಥ ಮಕ್ಕಳ ಕೌಂಟ್ ಜಾಸ್ತಿ ಇಳಿಯುವುದೇ ಹುಟ್ಟಿದ 2ರಿಂದ 5ನೇ ದಿನದ ಹೊತ್ತಿಗೆ. ಅಂದರೆ ಮನೆಗೆ ಬಂದ ಮೇಲೆ, ಅಲ್ವಾ?

ಮೊದಲು ಕಂಡದ್ದು ಕೂಸಿಗೆ ನೀರು ಹಾಕಲು ಬರುವ ಅಕ್ಕನಿಗೆ. ಹೊಟ್ಟೆ, ತೊಡೆ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ಚರ್ಮದಡಿ ರಕ್ತ ಸೋರಿ ಆದವು, ಒತ್ತಿದರೂ ಮಾಯವಾಗಲಿಲ್ಲ. ಬೆವರುಸಾಲೆ ಇರಬೇಕು ಅಂದರು ನೆಂಟರು. ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಕೌಂಟ್ 22 ಸಾವಿರಕ್ಕೆ ಬಂದಿತ್ತು. ತಲೆಯೊಳಗೆ ರಕ್ತ ಸೋರಿದೆಯಾ ಅಂತ ಸ್ಕ್ಯಾನ್ ಮಾಡಿದರು. ಹಾಗಾಗುವುದು ಅಪರೂಪ, ಆದರೆ ಹಾಗೇನಾದರೂ ಆದರೆ ಮಗುವಿನ ಬದುಕೇ ಹೋಗಬಹುದು. ದೇವರ ದಯೆ, ಆಗಿರಲಿಲ್ಲ. ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿ) ಡ್ರಿಪ್ ಕೊಟ್ಟ ಮೇಲೆ ಕೌಂಟ್ ಏರಿತು. ಎದೆಹಾಲು ನಿಲ್ಲಿಸಬೇಡಿ ಅಂದರು. ತಾಯಿಯಿಂದ ಬಂದ ಆ್ಯಂಟಿಬಾಡಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಕರಗುತ್ತದೆ. ಅಲ್ಲಿವರೆಗೆ ಮೈ ಗಟ್ಟಿಯಾಗಿ ತೀಡುವುದು ಬೇಡ, ನಾಮಕರಣದ ಹೊತ್ತಿಗೆ ಕಿವಿ ಚುಚ್ಚಿಸುವುದಂತೂ ಬೇಡವೇ ಬೇಡ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ತಾಯಿಗೆ ಹಿಂದೆ ಐಟಿಪಿ ಅಥವಾ ಲೂಪಸ್ (ದೇಹ ತನ್ನ ಮೇಲೇ ತಿರುಗಿಬೀಳುವ ಇನ್ನೊಂದು ಕಾಯಿಲೆ) ಇತ್ತಾ ಅನ್ನುವ ಪ್ರಶ್ನೆ ತಾಯಿ ಕಾರ್ಡಿನಲ್ಲಿ ಎದ್ದುಕಾಣುವಂತೆ ಇರಲಿ. ಇದ್ದರೆ ಹೊಕ್ಕುಳಬಳ್ಳಿಯ ರಕ್ತದಲ್ಲೇ ಕೌಂಟ್ ನೋಡಲಿ. ಕಡಿಮೆಯಿದ್ದರೆ 5ನೇ ದಿನದವರೆಗೂ ಮತ್ತೆ ಮತ್ತೆ ನೋಡಲಿ. ಆಶಾ ಕಾರ್ಯಕರ್ತೆಯರು 3 ಮತ್ತು 7ನೇ ದಿನ ಹೇಗೂ ಮನೆಗೆ ಬರುತ್ತಾರೆ. ಕೂಸಿನ ಬಟ್ಟೆ ಬಿಚ್ಚಿ ಮೈ ನೋಡುವುದನ್ನು, ಇಂಥ ಚುಕ್ಕೆ ಕಂಡರೆ ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಕಳಿಸುವುದನ್ನು ಅವರಿಗೆ ಹೇಳಿಕೊಡಲಿ.

— ಒಬ್ಬ ಅಜ್ಜಿ, ಚಿತ್ರದುರ್ಗ