ವೈರಸ್ ಅಲ್ಲ, ನಾವೇ ಕೊಟ್ಟ ಅನುಮತಿ

ಮಾನ್ಯರೇ,

‘ನಿಮ್ಮ ಮೊಬೈಲ್‌ಗೆ 5 ವೈರಸ್ ಹೊಕ್ಕಿವೆ, ಈಗಲೇ ಕ್ಲೀನ್ ಮಾಡಿ’ ಎಂಬ ಸೂಚನೆ ಗಂಟೆಗೊಮ್ಮೆ ಬರತೊಡಗಿದರೆ ಎಷ್ಟೋ ಮಂದಿ ಫೋನನ್ನು ರಿಪೇರಿ ಅಂಗಡಿಗೆ ಒಯ್ಯುತ್ತಾರೆ, ಇಲ್ಲವೇ ಫ್ಯಾಕ್ಟರಿ ರೀಸೆಟ್ ಮಾಡಿ ಫೋಟೊಗಳನ್ನು ಕಳೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ವೈರಸ್ಸೇ ಅಲ್ಲ. ‘ನೀವು ರೋಬಾಟ್ ಅಲ್ಲ ಎನ್ನಲು ಅಲೋ (Allow) ಒತ್ತಿ’ ಎಂದು ಯಾವುದೋ ಜಾಲತಾಣ ಕೇಳಿತ್ತು, ಒತ್ತಿದ್ದಾಯಿತು. ನೋಟಿಫಿಕೇಶನ್ ಕಳಿಸುವ ಹಕ್ಕು ಅದಕ್ಕೆ ಅಷ್ಟರಿಂದಲೇ ಸಿಕ್ಕಿತು. ಈ ಸೂಚನೆಗಳು ಬ್ರೌಸರ್ ಕಂಪನಿಯ ಸರ್ವರ್ ಮೂಲಕ ಬರುವುದರಿಂದ ಆ ತಾಣವನ್ನು ಮುಚ್ಚಿದರೂ ನಿಲ್ಲುವುದಿಲ್ಲ. ಹೊಸ ಆ್ಯಪ್ ಏನೂ ಸೇರಿಕೊಂಡಿರುವುದಿಲ್ಲವಾದ್ದರಿಂದ ಆ್ಯಂಟಿವೈರಸ್ ಹುಡುಕಿದರೂ ಏನೂ ಸಿಗದು. ಬರೀ ಹಿಸ್ಟರಿ ಅಳಿಸಿದರೆ ಕೊಟ್ಟ ಅನುಮತಿ ಹೋಗುವುದಿಲ್ಲ.

ತೆಗೆಯುವುದು ಒಂದು ನಿಮಿಷದ ಕೆಲಸ. ಸೂಚನೆಯನ್ನು ಒತ್ತದೆ, ಅದರಲ್ಲಿ ಸಣ್ಣಕ್ಷರದಲ್ಲಿರುವ ತಾಣದ ಹೆಸರನ್ನಷ್ಟೇ ನೋಡಿಕೊಳ್ಳಿ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಅಲ್ಲಿಂದ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್‌ಗೆ ಹೋದರೆ ಅನುಮತಿ ಪಡೆದ ತಾಣಗಳ ಪಟ್ಟಿಯೇ ಇರುತ್ತದೆ. ಬೇಡದ್ದನ್ನು ಬ್ಲಾಕ್ ಮಾಡಿ. ಎಲ್ಲ ತಾಣಗಳಿಗೂ ಒಟ್ಟಿಗೆ ಬಾಗಿಲು ಹಾಕುವ ಆಯ್ಕೆಯೂ ಅಲ್ಲೇ ಇದೆ. ಹಾಗೆ ಮಾಡಿದರೆ ಬ್ಯಾಂಕ್ ಆ್ಯಪ್, ವಾಟ್ಸ್‌ಆ್ಯಪ್‌ಗಳ ಸೂಚನೆಗೇನೂ ತೊಂದರೆಯಿಲ್ಲ.

ಪುಟದೊಳಗಿನ ಜಾಹೀರಾತಿನ ಕಥೆ ಬೇರೆ. ಅದನ್ನು ತಡೆಯಲು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ ಬೇಕು. ಮೊಬೈಲ್ ಕ್ರೋಮ್‌ಗೆ ಅದನ್ನು ಹಾಕಲು ಬರುವುದಿಲ್ಲ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ ಬ್ರೌಸರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ ಹಾಕಬಹುದು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಮೊದಲು ಚೆನ್ನಾಗಿ ನಡೆಯುತ್ತಿದ್ದ ಇದೇ ಎಕ್ಸ್‌ಟೆನ್ಶನ್ ಈಗ ಇಲ್ಲ. ಹಿಂದೆ ಪುಟದಿಂದ ಹೋಗುವ ಪ್ರತಿ ಕೋರಿಕೆಯನ್ನೂ ಎಕ್ಸ್‌ಟೆನ್ಶನ್ ತಾನೇ ನೋಡಿ ತಡೆಯುತ್ತಿತ್ತು. ಎಕ್ಸ್‌ಟೆನ್ಶನ್‌ಗಳಿಗೆ ಕ್ರೋಮ್ ಹಾಕಿದ ಹೊಸ ಕಟ್ಟಳೆ ಮ್ಯಾನಿಫೆಸ್ಟ್ ವಿ3 ಬಂದ ಮೇಲೆ ನಿಯಮಗಳ ಪಟ್ಟಿಯನ್ನು ಬ್ರೌಸರ್ ಕೈಗೆ ಕೊಟ್ಟು ಸುಮ್ಮನಿರಬೇಕು. ಅಲ್ಲಿ ಉಳಿದಿರುವುದು ಅಷ್ಟು ಶಕ್ತಿಯಿಲ್ಲದ ‘ಲೈಟ್’ ಆವೃತ್ತಿ. ಜಾಹೀರಾತಿನಿಂದ ಬದುಕುವ ಕಂಪನಿಯೇ ಬ್ರೌಸರನ್ನೂ ಮಾಡಿದರೆ ಇನ್ನೇನಾದೀತು!

ಸುದ್ದಿತಾಣಗಳಿಗೆ ಜಾಹೀರಾತೇ ಅನ್ನ ಎಂಬುದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮುದ್ರಿತ ಪುಟದ ಜಾಹೀರಾತು ಓದುತ್ತಿರುವ ಸಾಲಿನ ಮೇಲೆ ಬಂದು ಕೂರುವುದಿಲ್ಲ. ವೆಬ್‌ನಲ್ಲಿ ಎರಡನೇ ಪ್ಯಾರಾ ಓದುವಾಗ ಜಾಹೀರಾತು ತಡವಾಗಿ ಇಳಿದು ಅಕ್ಷರಗಳೆಲ್ಲ ಕೆಳಗೆ ಜಾರುತ್ತವೆ, ಮುಂದಿನ ಸುದ್ದಿಗೆಂದು ಇಟ್ಟ ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. 300×250 ಅಳತೆಯ ಜಾಹೀರಾತಿಗೆ 250 ಪಿಕ್ಸೆಲ್ ಎತ್ತರವನ್ನು ಮೊದಲೇ ಕಾದಿರಿಸಿದರೆ ಈ ಜಾರಾಟ ನಿಲ್ಲುತ್ತದೆ. ಪುಟದ ವಿನ್ಯಾಸ ಬರೆಯುವ ಸಿಎಸ್‌ಎಸ್ ಭಾಷೆಯಲ್ಲಿ ಅದು ಒಂದು ಸಾಲಿನ ಕೆಲಸ. ವೆಬ್ ಜಾಹೀರಾತುಗಳಿಗಿರುವ ‘ಬೆಟರ್ ಆ್ಯಡ್ಸ್’ ಎಂಬ ಮಾನದಂಡದ ಪ್ರಕಾರ ಮೊಬೈಲ್ ಪುಟದ ಮುಖ್ಯ ಭಾಗದ ಎತ್ತರದಲ್ಲಿ ಜಾಹೀರಾತು ಶೇ 30 ದಾಟಬಾರದು, ತಾನಾಗಿ ಸದ್ದು ಮಾಡುವ ವಿಡಿಯೊ ಕೂಡದು. ನಮ್ಮ ಕನ್ನಡ ತಾಣಗಳು ಒಮ್ಮೆ ಸ್ಕೇಲ್ ಹಿಡಿದು ಅಳೆದುಕೊಳ್ಳಲಿ.

ನೋಟಿಫಿಕೇಶನ್ ಬೇಕೇ ಎಂದು ಪದೇ ಪದೇ ಕೇಳುವಾಗ ‘ಬೇಡ’ ಎನ್ನುವ ಗುಂಡಿಯನ್ನೇ ಇಡದಿರುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಡಾರ್ಕ್ ಪ್ಯಾಟರ್ನ್ (ಬಳಕೆದಾರರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿ ಪೀಡನೆಯ (ನ್ಯಾಗಿಂಗ್) ಉದಾಹರಣೆಯಾಗಿಯೇ ಹೆಸರಿಸಿದೆ. ಅಂಥವು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ತಮ್ಮ ಪತ್ರಿಕೆಯ ತಾಣದಲ್ಲಾದರೂ ಪುಟ ತೆರೆದ ಕೂಡಲೇ ಅನುಮತಿ ಕೇಳುವುದನ್ನು ಬಿಟ್ಟು, ಮೂಲೆಯಲ್ಲೊಂದು ಗಂಟೆಯ ಚಿಹ್ನೆ ಇಡಿ. ಬೇಕಾದವರು ಒತ್ತಿಕೊಳ್ಳುತ್ತಾರೆ.

– ವೆಬ್ ಡೆವಲಪರ್‌, ಮೈಸೂರು