ಸ್ಕ್ಯಾನ್ ಚೀಟಿಯಲ್ಲಿ ನೀರು, ಕಸುಬು ಬರೆಯಲಿ

ಸಂಪಾದಕರೇ,

ಅಡಿಯಿಂದ ಮುಡಿವರೆಗೆ ಒಂದೇ ಸಲ ಸ್ಕ್ಯಾನ್ ಮಾಡಿ, ಎಐನಿಂದ (ಕೃತಕ ಬುದ್ಧಿಮತ್ತೆ) ಓದಿಸಿ, ಮೈಯೆಲ್ಲ ಹಬ್ಬುವ ಕಾಯಿಲೆ ಪತ್ತೆಹಚ್ಚುವ ಮಾತು ನಮ್ಮ ಭಾಗದಲ್ಲೂ ಶುರುವಾಗಿದೆ. ಬರಲಿ. ಆದರೆ ಬೇರೆ ಕಡೆಯ ಚಿತ್ರ ನೋಡಿ ಕಲಿತ ಯಂತ್ರಕ್ಕೆ ಕೊಪ್ಪಳ, ರಾಯಚೂರು, ಬಳ್ಳಾರಿಯವರ ಮೂಳೆ ಹೊಸದು.

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಆ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನೆಲುಬು, ಸೊಂಟ, ಪಕ್ಕೆಲುಬು ಸಿ.ಟಿ.ಯಲ್ಲಿ ಸುಣ್ಣ ಬಳಿದಂತೆ ಕಾಣುತ್ತವೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಬಿಳುಪೇ. ಫ್ಲೋರೈಡ್‌ನಿಂದಾಗುವ ಮೂಳೆ ಕಾಯಿಲೆಯಾದ ಫ್ಲೋರೋಸಿಸ್ ಕಂಡರಿಯದ ಎಐ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕೀತು.

ಬೇರ್ಪಡಿಸಲು ಮುಂಗೈಯ ಒಂದು ಎಕ್ಸ್‌ರೇ ಬಹಳ ನೆರವಾಗುತ್ತದೆ. ಮೊಣಕೈ, ಮಣಿಕಟ್ಟು ಎರಡೂ ಫಿಲ್ಮಿನಲ್ಲಿ ಬರಬೇಕು, ಅಂಗೈಯನ್ನು ಮೇಲ್ಮುಖ ಮಾಡಿರಬೇಕು. ಅಂಗೈ ಮಗುಚಿದರೆ ಎರಡು ಮೂಳೆ ಅಡ್ಡ ಹಾಯ್ದು ನಡುವಿನ ಪೊರೆ ಮುಚ್ಚಿಹೋಗುತ್ತದೆ. ನೋಡಬೇಕಾದ್ದು ಆ ಪೊರೆಯನ್ನೇ. ಅಲ್ಲಿ ಸುಣ್ಣಗಟ್ಟಿ ಮೂಳೆಯಂಚು ಮುಳ್ಳುಮುಳ್ಳಾಗಿದ್ದರೆ ಫ್ಲೋರೋಸಿಸ್ ಕಡೆಗೇ ಬೆರಳು. ಹಾಗೆಂದು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್ಎ ರಕ್ತಪರೀಕ್ಷೆ ಬಿಡುವಂತಿಲ್ಲ, ಒಬ್ಬರಿಗೇ ಎರಡೂ ಇರಬಹುದು.

ಶ್ವಾಸಕೋಶದ್ದೂ ಇದೇ ಪಾಡು. ಪೆಟ್ ಸ್ಕ್ಯಾನ್‌ನಲ್ಲಿ ಚುಚ್ಚಿ ಕೊಟ್ಟ ಸಕ್ಕರೆಯಂಥ ಔಷಧವನ್ನು ಹೆಚ್ಚು ಎಳೆದುಕೊಳ್ಳುವ ಜಾಗವೆಲ್ಲ ಹೊಳೆಯುತ್ತದೆ: ಕ್ಯಾನ್ಸರ್ ಗಡ್ಡೆ, ಕ್ಷಯದ ಗಂಟು, ಕಲ್ಲಿನ ಕ್ರಷರ್ ದೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಆದವರ ಗಂಟು. (ಖಾಲಿ ಹೊಟ್ಟೆ ಎಂದರೂ ಸಕ್ಕರೆ ಹಾಕಿದ ಚಹಾ ಕುಡಿದು ಬರುವವರಿದ್ದಾರೆ. ಇನ್ಸುಲಿನ್ ಏರಿ ಔಷಧ ಸ್ನಾಯುಗಳಿಗೆ ಹೋಗುತ್ತದೆ, ಗಡ್ಡೆ ಮಂಕಾಗುತ್ತದೆ. ಎಐ ಅದನ್ನು ಸರಿಮಾಡಲಾರದು.)

ಎದೆ ಎಕ್ಸ್‌ರೇಯಲ್ಲಿ ಕ್ಷಯ ಹುಡುಕಲು ಕಂಪ್ಯೂಟರ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿದ್ದು 15 ವರ್ಷ ಮೇಲ್ಪಟ್ಟವರಿಗೆ ಮಾತ್ರ. ಕಂಪ್ಯೂಟರ್ ಚಿತ್ರಕ್ಕೆ ಕೊಡುವ ಅಂಕ ಎಷ್ಟು ದಾಟಿದರೆ ‘ಅನುಮಾನ’ ಎನ್ನಬೇಕೆಂಬುದನ್ನು ಆಯಾ ಊರಿನ ಚಿತ್ರಗಳ ಮೇಲೇ ಗೊತ್ತುಮಾಡಿಕೊಳ್ಳಬೇಕು. ಇಡೀ ಮೈ ಓದುವ ಯಂತ್ರಕ್ಕಂತೂ ಇದು ಇನ್ನಷ್ಟು ಬೇಕು.

ಆದ್ದರಿಂದ ಮೂರೂ ಜಿಲ್ಲೆಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಇಂಥ ಯಂತ್ರ ಕೊಳ್ಳುವ ಮುಂಚೆ, ರೋಗ ಖಚಿತವಾದ ತಮ್ಮ ಹಳೆಯ ಚಿತ್ರಗಳನ್ನು ಹೆಸರು ತೆಗೆದು ಎಐಗೆ ಕೊಟ್ಟು ನೋಡಲಿ. ಫ್ಲೋರೋಸಿಸ್, ಸಿಲಿಕೋಸಿಸ್ ಇರುವವರಲ್ಲಿ ಎಷ್ಟು ತಪ್ಪಿತೆಂಬ ಲೆಕ್ಕ ಬೇರೆಬೇರೆಯೇ ಇರಲಿ. ಒಟ್ಟಾರೆ ಶೇಕಡಾವಾರು ತೋರಿಸಿದರೆ ಒಪ್ಪುವುದು ಬೇಡ. ಜೊತೆಗೆ ಸ್ಕ್ಯಾನ್ ಚೀಟಿಯಲ್ಲಿ ಎರಡು ಸಾಲು ಕಡ್ಡಾಯವಾಗಲಿ: ಮಾಡಿದ ಕೆಲಸ, ಕುಡಿದ ನೀರು. ನೀರೆಂದರೆ ಈಗಿನ ಶುದ್ಧ ನೀರಿನ ಘಟಕದ್ದಲ್ಲ, ಇಪ್ಪತ್ತು ವರ್ಷದ ಹಿಂದೆ ಯಾವ ಊರಿನ ಬೋರಿನದು ಎಂದು ಕೇಳಿ ಬರೆಯಬೇಕು.

— ಕೆಲವು ಎಕ್ಸ್‌ರೇ, ಸ್ಕ್ಯಾನಿಂಗ್ ತಜ್ಞರು, ಬಳ್ಳಾರಿ