ಮಗಳಿಗೊಂದು ಪತ್ರ: ಜುಲೈ ಒಂದರ ಗೆರೆ

ಚಿನ್ನು,

"ಜೂನಿಯರ್‌ನಲ್ಲಿ ಎಲ್ಲರನ್ನೂ ಸೋಲಿಸೋ ಆ ಫಿಗರ್ ಸ್ಕೇಟಿಂಗ್ ಹುಡುಗಿ ಮಿಲಾನೊ ಒಲಿಂಪಿಕ್ಸ್‌ನಲ್ಲಿ ಯಾಕಮ್ಮ ಇರಲಿಲ್ಲ?" ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳುವುದಾದರೆ ಎರಡೇ ಪದದ ಉತ್ತರ: ವಯಸ್ಸು ಸಾಲದು. ಆದರೆ ಆ ಎರಡು ಪದದೊಳಗೆ ಬ್ಲೇಡಿನ ಅಂಚಿದೆ, ಸೊಂಟದ ಅಳತೆಯಿದೆ, ಮೂರು ಹುಡುಗಿಯರ ಹುಟ್ಟಿದ ದಿನವಿದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ, ನಿಧಾನವಾಗಿ ಓದು.

ನೀನು ಕೇಳಿದ ಹುಡುಗಿ ಶಿಮಾದಾ ಮಾವೊ (ಮಾವ ಅಲ್ಲ ಕಣೇ, ಮಾವೊ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ) ಹುಟ್ಟಿದ್ದು ಟೋಕಿಯೊದಲ್ಲಿ, 2008ರ ಅಕ್ಟೋಬರ್ 30ರಂದು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದವರಿಗೆ ಹೊಸ ವರ್ಷ ಜನವರಿಯಲ್ಲಲ್ಲ, ಜುಲೈ 1ಕ್ಕೆ. ನಮ್ಮಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವ ಜಗಳ ನಡೆಯುತ್ತದಲ್ಲ, ಥೇಟ್ ಹಾಗೆ. ಮೊದಲು ಆ ಜುಲೈ 1ರೊಳಗೆ 15 ತುಂಬಿದ್ದರೆ ಸೀನಿಯರ್ ಸ್ಪರ್ಧೆಗೆ (ಒಲಿಂಪಿಕ್ಸ್ ಕೂಡ ಸೀನಿಯರ್ ಸ್ಪರ್ಧೆಯೇ) ಇಳಿಯಬಹುದಿತ್ತು. 2022ರ ಜೂನ್‌ನಲ್ಲಿ ಫುಕೆಟ್‌ನಲ್ಲಿ ಸೇರಿದ ಒಕ್ಕೂಟದ ಸಭೆ ಅದನ್ನು 2023–24ಕ್ಕೆ 16, 2024–25ರಿಂದ 17 ಎಂದು ಏರಿಸಿತು. ಆ ವರ್ಷದ ಫೆಬ್ರುವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ 15 ವರ್ಷದ ಕಮಿಲಾ ವಲಿಯೆವಾ ಉದ್ದೀಪನ ಮದ್ದಿನ ಪ್ರಕರಣದ ನಡುವೆಯೇ ಸ್ಪರ್ಧಿಸಿ, ಬಿದ್ದೂ ಬಿದ್ದೂ ಕುಸಿದದ್ದನ್ನು ಲೋಕವೆಲ್ಲ ನೋಡಿತ್ತು.

ಈಗ ನೀನೇ ಕೂಡಿ ಕಳೆ. 2026ರ ಫೆಬ್ರುವರಿಯ ಮಿಲಾನೊಗೆ 2025ರ ಜುಲೈ 1ರೊಳಗೆ 17 ತುಂಬಿರಬೇಕು. ಮಾವೊಗೆ ತುಂಬಿದ್ದು ಅಕ್ಟೋಬರ್ ಕೊನೆಗೆ. ನಾಲ್ಕು ತಿಂಗಳು ತಡ. ಹಳೇ ನಿಯಮವೇ ಇದ್ದಿದ್ದರೆ ಅವಳು 2024ರಲ್ಲೇ ಸೀನಿಯರ್.

ಇದು ಎಷ್ಟು ಖಾರವಾದ ವಿಷಯ ಅಂತ ಗೊತ್ತಾಗಬೇಕಾದರೆ 2023ರ ಕ್ಯಾಲ್ಗರಿಯ ವಿಶ್ವ ಜೂನಿಯರ್ ಪದಕದ ಕಟ್ಟೆ ನೋಡು. ಮೊದಲನೆಯವಳು ಮಾವೊ. ಎರಡನೆಯವಳು ಕೊರಿಯಾದ ಶಿನ್ ಜಿಯಾ, 2008ರ ಮಾರ್ಚ್‌ನಲ್ಲಿ ಹುಟ್ಟಿದವಳು. ಮೂರನೆಯವಳು ಜಪಾನಿನದೇ ನಕಾಯಿ ಆಮಿ, 2008ರ ಏಪ್ರಿಲ್. ಎರಡನೆಯವಳೂ ಮೂರನೆಯವಳೂ ಮಿಲಾನೊಗೆ ಹೋದರು. ಅವರಿಬ್ಬರನ್ನೂ ಹಿಂದಿಕ್ಕಿದವಳು ಮನೆಯಲ್ಲಿ ಉಳಿದಳು. ಮುಂದಿನ ವರ್ಷ ತೈಪೆಯಲ್ಲಿ, ಅದರ ಮುಂದಿನ ವರ್ಷ ಡೆಬ್ರೆಸೆನ್‌ನಲ್ಲೂ ಮಾವೊ ಚಿನ್ನ, ಶಿನ್ ಜಿಯಾ ಬೆಳ್ಳಿ. ಗ್ರಾನ್ ಪ್ರಿ ಅಂದರೆ ಪ್ರತಿ ಋತುವಿನ ಸರಣಿ ಸ್ಪರ್ಧೆ; ಅದರ ಜೂನಿಯರ್ ಫೈನಲ್‌ನಲ್ಲೂ 2022, 2023, 2024 ಸತತ ಮೂರು ಚಿನ್ನ. 2024ರ ಗಂಗ್‌ವೊನ್ ಯೂತ್ ಒಲಿಂಪಿಕ್ಸ್‌ನಲ್ಲೂ ಅವಳೇ.

ಜಪಾನಿನ ಒಳಗಿನ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿ ಜೂನಿಯರ್ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೇಲೆ ಬಂದವರನ್ನು ಡಿಸೆಂಬರಿನ ಸೀನಿಯರ್ ರಾಷ್ಟ್ರೀಯಕ್ಕೂ ಕರೆಯುತ್ತಾರೆ. ಅಲ್ಲಿ ಮಾವೊ 2022ರಲ್ಲಿ ಮೂರನೆಯವಳು, 2023ರಲ್ಲಿ ಮೂರನೆಯವಳು, 2024ರಲ್ಲಿ ಎರಡನೆಯವಳು. ಮೂರೂ ಸಲ ಗೆದ್ದದ್ದು ಸಕಾಮೊಟೊ ಕಾವೊರಿ, ಆಗಿನ ವಿಶ್ವ ಚಾಂಪಿಯನ್. 14ರ ಹುಡುಗಿ ದೊಡ್ಡವರ ಕಟ್ಟೆ ಹತ್ತಿ ಪದಕ ಹಾಕಿಸಿಕೊಳ್ಳುತ್ತಾಳೆ, ಆದರೆ ವಿಶ್ವ ಚಾಂಪಿಯನ್‌ಷಿಪ್‌ಗೆ ಟಿಕೆಟ್ ಅವಳ ಕೆಳಗಿನವಳಿಗೆ ಹೋಗುತ್ತದೆ.

ನಿಯಮ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಜಿಗಿತದ ಒಳಗೆ ಹೋಗಬೇಕು.

ಬ್ಲೇಡು ಅಂದರೆ ಚಾಕುವಿನ ಥರ ಚೂಪಾದ ಒಂದು ಅಲುಗು ಅಂದುಕೊಂಡಿದ್ದೀಯ. ಅಲ್ಲ. ಸುಮಾರು 4 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ಅದು. ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆದಿರುತ್ತಾರೆ. ಆ ಕಾಲುವೆಯ ಎರಡು ದಂಡೆಗಳೇ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಕಾಲುವೆ ಆಳವಾದರೆ ಅಂಚು ಐಸನ್ನು ಕಚ್ಚಿ ಹಿಡಿಯುತ್ತದೆ, ಆದರೆ ಓಟ ಮಂದ. ಆಳ ಕಡಿಮೆಯಾದರೆ ಓಟ ಚೆನ್ನ, ಹಿಡಿತ ಸಡಿಲ. ಮುಂದುಗಡೆ ಗರಗಸದ ಹಾಗೆ ಹಲ್ಲುಗಳಿವೆ. ಟೋ ಲೂಪ್, ಫ್ಲಿಪ್, ಲುಟ್ಜ್ ಈ ಮೂರು ಜಿಗಿತಕ್ಕೆ ಇನ್ನೊಂದು ಕಾಲಿನ ಹಲ್ಲನ್ನು ಐಸಿಗೆ ಊರಿ ಏಳುತ್ತಾರೆ. ಸಾಲ್ಕೊ, ಲೂಪ್, ಆಕ್ಸೆಲ್‌ಗೆ ಬರೀ ಅಂಚೇ ಆಧಾರ. ಆಕ್ಸೆಲ್ ಒಂದೇ ಮುಂದೆ ನೋಡುತ್ತಾ ಏಳುವ ಜಿಗಿತ, ಇಳಿಯುವುದು ಮಾತ್ರ ಹಿಂದಕ್ಕೇ. ಹಾಗಾಗಿ ತ್ರಿಪಲ್ ಆಕ್ಸೆಲ್ ಅಂದರೆ ಮೂರಲ್ಲ, ಮೂರೂವರೆ ಸುತ್ತು. ಇಳಿಯುವಾಗ ಎಲ್ಲದಕ್ಕೂ ಒಂದೇ ಕಾಲು, ಹಿಂದಕ್ಕೆ ಜಾರುತ್ತಾ, ಹೊರ ಅಂಚಿನ ಮೇಲೆ. ಕುಂಟೆಬಿಲ್ಲೆಯನ್ನು ಬೆನ್ನು ಮುಂದಾಗಿ ಆಡಿದ ಹಾಗೆ.

ಮಾವೊಳ ಎರಡು ಅಸ್ತ್ರ ತ್ರಿಪಲ್ ಆಕ್ಸೆಲ್ ಮತ್ತು ಕ್ವಾಡ್ ಟೋ ಲೂಪ್, ಅಂದರೆ ನಾಲ್ಕು ಸುತ್ತು. ಕ್ಯಾಲ್ಗರಿಯಲ್ಲಿ 14ನೇ ವಯಸ್ಸಿಗೆ ಒಂದೇ ಫ್ರೀ ಸ್ಕೇಟಿಂಗ್‌ನಲ್ಲಿ (ಸ್ಪರ್ಧೆಯ ಎರಡನೇ, ಉದ್ದನೆಯ ಭಾಗ) ಎರಡನ್ನೂ ಇಳಿಸಿದಳು.

ಗಾಳಿಯಲ್ಲಿ ಎಷ್ಟು ಹೊತ್ತು ಸಿಗುತ್ತದೆ? 40 ಸೆಂ.ಮೀ. ಎತ್ತರ ನೆಗೆದರೆ ಭೌತಶಾಸ್ತ್ರ ಕೊಡುವುದು ಸುಮಾರು 0.57 ಸೆಕೆಂಡು. ಅಷ್ಟರಲ್ಲಿ ನಾಲ್ಕು ಸುತ್ತು ಅಂದರೆ ಸೆಕೆಂಡಿಗೆ ಏಳು. ಎತ್ತರ ಹೆಚ್ಚಿಸುವುದು ಕಷ್ಟ, ಅದಕ್ಕೇ ಮೂರರಿಂದ ನಾಲ್ಕಕ್ಕೆ ಹೋಗುವವರು ಬಹುಪಾಲು ತಿರುಗುವ ವೇಗವನ್ನೇ ಹೆಚ್ಚಿಸುತ್ತಾರೆ: ಬೇಗ ಮುದುಡು, ಬಿಗಿಯಾಗಿ ಮುದುಡು, ತಡವಾಗಿ ಬಿಚ್ಚು. ಕಲಿಸುವ ಕ್ರಮವೂ ಇದರ ಸುತ್ತಲೇ. ಮೊದಲು ನೆಲದ ಮೇಲೆ ಸ್ಕೇಟ್ ಇಲ್ಲದೆ ಸುತ್ತು, ಆಮೇಲೆ ಐಸಿನ ಮೇಲೆ ಬ್ಯಾಕ್ ಸ್ಪಿನ್, ಅಂದರೆ ಇಳಿಯುವ ಕಾಲಿನ ಮೇಲೆ ನಿಂತಲ್ಲೇ ಸುತ್ತುವುದು. ಗಾಳಿಯಲ್ಲಿ ದೇಹ ನಿಲ್ಲಬೇಕಾದ ರೀತಿ ಬ್ಯಾಕ್ ಸ್ಪಿನ್ನಿನದೇ, ಅದು ಅಲುಗಾಡಿದರೆ ಕ್ವಾಡ್ ಕನಸು. ಆಮೇಲೆ ಒಂದು, ಎರಡು, ಮೂರು ಸುತ್ತು. ಕೊನೆಗೆ ಸೊಂಟಕ್ಕೆ ಪಟ್ಟಿ ಕಟ್ಟಿ, ತರಬೇತುದಾರರು ಮೀನಿನ ಗಾಳದಂಥ ಕೋಲಿನಿಂದ ಎತ್ತಿ ಹಿಡಿಯುವ ಹಾರ್ನೆಸ್‌ನಲ್ಲಿ ನಾಲ್ಕನೆಯದು.

ಟೋ ಲೂಪ್‌ನಲ್ಲಿ ಆಗುವ ತಪ್ಪು ಒಂದೆರಡಲ್ಲ. ಹಲ್ಲು ಊರಿದ ಕೂಡಲೇ ಸೊಂಟ ತೆರೆದುಕೊಂಡರೆ ಪಾದ ಐಸಿನ ಮೇಲೇ ಮುಂದಕ್ಕೆ ತಿರುಗಿಬಿಡುತ್ತದೆ. ಅರ್ಧ ಸುತ್ತು ನೆಲದಲ್ಲೇ ಮುಗಿಯಿತು, ಅದು ಮೋಸದ ಸುತ್ತು, ತೀರ್ಪುಗಾರರು ಹಿಡಿಯುತ್ತಾರೆ. ಭುಜ ಮೊದಲು ಬೀಸಿದರೆ ಅಕ್ಷ ವಾಲುತ್ತದೆ, ಬುಗುರಿ ಸಾಯುವ ಮುಂಚೆ ತೂರಾಡುತ್ತದಲ್ಲ ಹಾಗೆ. ವಾಲಿದ ಅಕ್ಷದಲ್ಲಿ ಎಷ್ಟೇ ವೇಗವಾಗಿ ಸುತ್ತಿದರೂ ಇಳಿಯುವ ಕಾಲು ದೇಹದ ಕೆಳಗೆ ಬರುವುದಿಲ್ಲ.

ಈಗ ಅಂಕದ ಲೆಕ್ಕ. ಇದುವರೆಗಿನ ಪಟ್ಟಿಯಲ್ಲಿ ಕ್ವಾಡ್ ಟೋ ಲೂಪ್‌ಗೆ ಮೂಲ ಬೆಲೆ 9.5, ತ್ರಿಪಲ್ ಆಕ್ಸೆಲ್‌ಗೆ 8, ಸಾದಾ ತ್ರಿಪಲ್ ಟೋ ಲೂಪ್‌ಗೆ 4.2. ಗುಣಮಟ್ಟಕ್ಕೆ ತೀರ್ಪುಗಾರರು –5ರಿಂದ +5ರವರೆಗೆ ಕೊಡುತ್ತಾರೆ, ಒಂದೊಂದು ಮೆಟ್ಟಿಲೂ ಬೆಲೆಯ ಹತ್ತನೇ ಒಂದು ಭಾಗ. ಪೂರ್ತಿ ಸುತ್ತಿ ಬಿದ್ದಳು ಅಂದುಕೋ: 9.5ರಲ್ಲಿ ಅರ್ಧ ಹೋಯಿತು, ಬಿದ್ದದ್ದಕ್ಕೆ ಮತ್ತೆ 1 ಹೋಯಿತು, ಉಳಿದದ್ದು 3.75. ತೆಪ್ಪಗೆ ತ್ರಿಪಲ್ ಮಾಡಿದ್ದರೇ ಹೆಚ್ಚು ಸಿಗುತ್ತಿತ್ತು. ಕಾಲು ಸುತ್ತಿಗಿಂತ ಹೆಚ್ಚು ಕೊರತೆಯಾದರೆ ಮೂಲ ಬೆಲೆಯೇ 80 ಪ್ರತಿಶತಕ್ಕೆ ಇಳಿದು 7.6, ಅದರ ಮೇಲೆ ಬಿದ್ದರೆ ಕೈಗೆ ಬರುವುದು 2.8. ಅರ್ಧ ಸುತ್ತು ಕೊರತೆಯಾದರೆ ಅದು ಕ್ವಾಡ್ ಅಲ್ಲವೇ ಅಲ್ಲ, ತ್ರಿಪಲ್ ಎಂದೇ ಲೆಕ್ಕ; ಬಿದ್ದರೆ ಉಳಿಯುವುದು 1.1. ಹೆಂಗಸರ ಷಾರ್ಟ್ ಪ್ರೋಗ್ರಾಂನಲ್ಲಿ (ಸ್ಪರ್ಧೆಯ ಮೊದಲ, ಚಿಕ್ಕ ಭಾಗ) ಕ್ವಾಡ್‌ಗೆ ಅವಕಾಶವೇ ಇರಲಿಲ್ಲ, ಆದ್ದರಿಂದ ಈ ಜೂಜೆಲ್ಲ ಫ್ರೀನಲ್ಲಿ.

ವಯಸ್ಸಿನ ಗುಟ್ಟು ಇರುವುದು ಇಲ್ಲೇ. ತಿರುಗುವ ದೇಹದ ಭಾರ ಅಕ್ಷದಿಂದ ಎಷ್ಟು ದೂರವಿದೆಯೋ ಅದರ ವರ್ಗದಷ್ಟು ಜಡತ್ವ. ಹನ್ನೆರಡರಿಂದ ಹದಿನಾರರೊಳಗೆ ಭುಜ, ಸೊಂಟ ಅಗಲವಾಗಿ ಆ ದೂರ ಬರೀ ಶೇ. 5 ಹೆಚ್ಚಿತು ಅನ್ನು, ಜಡತ್ವ ಶೇ. 10 ಏರುತ್ತದೆ. ಅದೇ ತಳ್ಳು, ಅದೇ ಎತ್ತರ ಇದ್ದರೆ ನಾಲ್ಕು ಸುತ್ತು ಆಗುತ್ತಿದ್ದ ಕಡೆ ಈಗ 3.6 ಚಿಲ್ಲರೆ. ಕೊರತೆ ಕಾಲು ಸುತ್ತಿಗಿಂತ ಹೆಚ್ಚು, 9.5 ಹೋಗಿ 7.6. ಹುಡುಗಿ ಏನೂ ತಪ್ಪು ಮಾಡಿಲ್ಲ, ಬೆಳೆದಿದ್ದಾಳೆ ಅಷ್ಟೇ. ಇದನ್ನು ತುಂಬಿಕೊಳ್ಳಲು ತೊಡೆಗೆ, ಬೆನ್ನಿಗೆ ಬಲ ಬರಬೇಕು. ಅದಕ್ಕೆ ಊಟ ಬೇಕು, ನಿದ್ದೆ ಬೇಕು, ಒಂದೆರಡು ವರ್ಷ ಬೇಕು. ಅಡ್ಡದಾರಿ ಅಂದರೆ ಊಟ ಕಡಿಮೆ ಮಾಡಿಸಿ ಬೆಳೆಯದ ಹಾಗೆ ತಡೆಯುವುದು, ಪದಕ ಸಿಗುವವರೆಗೆ ಮೂಳೆಯನ್ನು ದುಡಿಸುವುದು. ಪದಕಕ್ಕೆ 15 ಸಾಕು ಅಂತಿದ್ದಾಗ ಅಡ್ಡದಾರಿ ಲಾಭದ್ದಾಗಿತ್ತು. 17 ಮಾಡಿದರೆ ಲಾಭ ಕಡಿಮೆಯಾಗುತ್ತದೆ. ನಾನು ನಿಯಮದ ಪರ ಇರುವುದು ಇದಕ್ಕೇ, ಮಾವೊಗೆ ಅನ್ಯಾಯವಾಯಿತು ಅಂತ ಗೊತ್ತಿದ್ದೂ.

ಅವಳ ಹೆಸರಿನಲ್ಲೇ ಇನ್ನೊಂದು ಕಥೆಯಿದೆ. ಅವಳಿಗೆ ಆ ಹೆಸರಿಟ್ಟದ್ದು ಜಪಾನಿನ ಹಿರಿಯ ಸ್ಕೇಟರ್ ಅಸಾದಾ ಮಾವೊ ಹೆಸರನ್ನು ನೋಡಿ. ಜಪಾನಿ ಲಿಪಿಯಲ್ಲಿ ಬರೆದಾಗ ಮೊದಲ ಅಕ್ಷರ ಬೇರೆ, ಎರಡನೆಯದು ಒಂದೇ, 'ನಡುಮಧ್ಯ' ಅನ್ನುವ ಅರ್ಥದ್ದು. ಅಸಾದಾ ಹುಟ್ಟಿದ್ದು 1990ರ ಸೆಪ್ಟೆಂಬರ್ 25, ನಗೋಯಾದಲ್ಲಿ. 2005ರ ಡಿಸೆಂಬರಿನಲ್ಲಿ ಟೋಕಿಯೊದ ಗ್ರಾನ್ ಪ್ರಿ ಫೈನಲ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಇರಿನಾ ಸ್ಲುಟ್‌ಸ್ಕಾಯಾಳನ್ನು ಸೋಲಿಸಿದಳು. ಎರಡು ತಿಂಗಳಲ್ಲಿ ಟುರಿನ್ ಒಲಿಂಪಿಕ್ಸ್. ಅವಳಿಗೆ ಪ್ರವೇಶವಿಲ್ಲ: 87 ದಿನ ಕಡಿಮೆ! ಟುರಿನ್‌ನ ಪಲಾವೆಲಾ ಅಂಗಣದಲ್ಲಿ ಚಿನ್ನ ಗೆದ್ದದ್ದು ಜಪಾನಿನವಳೇ ಆದ ಅರಕಾವಾ ಶಿಜುಕಾ. 2022ರ ಡಿಸೆಂಬರಿನಲ್ಲಿ ಶಿಮಾದಾ ಮಾವೊ ಮೊದಲ ಜೂನಿಯರ್ ಗ್ರಾನ್ ಪ್ರಿ ಫೈನಲ್ ಗೆದ್ದದ್ದೂ ಅದೇ ಪಲಾವೆಲಾದಲ್ಲಿ. ಒಬ್ಬ ಮಾವೊಗೆ ಬಾಗಿಲು ಹಾಕಿದ ಊರಲ್ಲಿ ಇನ್ನೊಬ್ಬ ಮಾವೊ.

ಅಸಾದಾ ಕಾದಳು. 2008ರಲ್ಲಿ ವಿಶ್ವ ಚಾಂಪಿಯನ್ ಆದಳು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಷಾರ್ಟ್‌ನಲ್ಲಿ ಒಂದು, ಫ್ರೀನಲ್ಲಿ ಎರಡು, ಒಂದೇ ಸ್ಪರ್ಧೆಯಲ್ಲಿ ಮೂರು ತ್ರಿಪಲ್ ಆಕ್ಸೆಲ್ ಇಳಿಸಿದಳು. ಸಿಕ್ಕಿದ್ದು ಬೆಳ್ಳಿ, ಚಿನ್ನ ಕೊರಿಯಾದ ಕಿಮ್ ಯುನಾಗೆ. 2014ರ ಸೋಚಿಯಲ್ಲಿ ಷಾರ್ಟ್ ಕೆಟ್ಟು 16ನೆಯವಳಾಗಿ, ಮರುದಿನ ಫ್ರೀನಲ್ಲಿ ತನ್ನ ಜೀವನದ ಅತಿ ಹೆಚ್ಚು ಅಂಕ 142.71 ಪಡೆದು ಆರನೆಯವಳಾದಳು. ಒಲಿಂಪಿಕ್ ಚಿನ್ನ ಬರಲೇ ಇಲ್ಲ. ಆದರೂ ಜಪಾನಿನಲ್ಲಿ ಹೆಣ್ಣುಮಕ್ಕಳಿಗೆ ಇಟ್ಟದ್ದು ಅವಳ ಹೆಸರು.

ಕಾದವರಿಗೆಲ್ಲ ಹಾಗೂ ಆಗುವುದಿಲ್ಲ. ಕಿಹಿರಾ ರಿಕಾ 2002ರ ಜುಲೈ 21ರಂದು ಹುಟ್ಟಿದವಳು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಅವಳಿಗೆ ತಪ್ಪಿದ್ದು ಬರೀ ಮೂರು ವಾರದಿಂದ. ಅದೇ ವರ್ಷದ ಡಿಸೆಂಬರಿನಲ್ಲಿ, ಸೀನಿಯರ್ ಆದ ಮೊದಲ ಋತುವಿನಲ್ಲೇ ಗ್ರಾನ್ ಪ್ರಿ ಫೈನಲ್ ಗೆದ್ದಳು. ನಾಲ್ಕು ವರ್ಷದ ನಂತರದ ಬೀಜಿಂಗ್ ತನ್ನದೇ ಅಂತಿದ್ದಾಗ ಬಲ ಹಿಮ್ಮಡಿ ಗಂಟಿನ ಮೂಳೆಗೆ ಒತ್ತಡದ ಬಿರುಕು. ಬೀಳುವುದರಿಂದ ಬರುವ ಗಾಯವಲ್ಲ ಅದು, ಚೆನ್ನಾಗಿ ಇಳಿದ ಸಾವಿರಾರು ಇಳಿತಗಳಿಂದ ಬರುವಂಥದ್ದು: ಒಂದೇ ಕಾಲು, ಒಂದೇ ಕೋನ, ಪ್ರತಿಸಲವೂ ಮೈತೂಕದ ಹಲವು ಪಟ್ಟು ಪೆಟ್ಟು. ಬೀಜಿಂಗ್ ಹೋಯಿತು. 2025ರಲ್ಲಿ ಅವಳು ಜಿಗಿತಗಳಿಲ್ಲದ ಐಸ್ ಡಾನ್ಸ್‌ಗೆ ಹೊರಳಿದಳು. ಕಿಹಿರಾಳನ್ನು ಬೆಳೆಸಿದ ಹಮಾದಾ ಮಿಯೆಯೇ ಈಗ ಶಿಮಾದಾಳ ಗುರು. ಕ್ಯೋಟೊ ಪಕ್ಕದ ಉಜಿಯಲ್ಲಿ, ವರ್ಷವಿಡೀ ನಡೆಯುವ ಅಂಗಣದಲ್ಲಿ ಅಭ್ಯಾಸ. ಜಪಾನಿನಲ್ಲಿ ವರ್ಷವಿಡೀ ಐಸ್ ಸಿಗುವುದೇ ದೊಡ್ಡ ಭಾಗ್ಯ, ಎಷ್ಟೋ ಮಕ್ಕಳು ಸಾರ್ವಜನಿಕರು ಹೋದ ಮೇಲೆ ರಾತ್ರಿ ಅಭ್ಯಾಸ ಮಾಡುತ್ತಾರೆ.

2026–27ರ ಋತುವಿನಿಂದ ಶಿಮಾದಾ ಸೀನಿಯರ್. ಜೂನಿಯರ್ ಫ್ರೀ ಮೂರೂವರೆ ನಿಮಿಷ, ಸೀನಿಯರ್ ಇದುವರೆಗೆ ನಾಲ್ಕು. ಆ ಅರ್ಧ ನಿಮಿಷ ಕೇಳಲು ಸಣ್ಣದು, ಆದರೆ ಕೊನೆಯ ಮೂರು ಜಿಗಿತಕ್ಕೆ ಶೇ. 10 ಹೆಚ್ಚು ಬೆಲೆಯಿರುವುದರಿಂದ ಹಲವರು ಕಷ್ಟದ ಜೋಡಿ ಜಿಗಿತವನ್ನು ಕೊನೆಗೇ ಇಟ್ಟುಕೊಳ್ಳುತ್ತಾರೆ, ಕಾಲು ಸೋತಿರುವಾಗ.

ಮುಂದಿನ ಸಲ ನೋಡುವಾಗ ಅವಳ ಮುಖ ನೋಡಬೇಡ, ಪಾದ ನೋಡು. ಕ್ವಾಡ್ ಸಾಮಾನ್ಯವಾಗಿ ಕಾಲು ಹಗುರವಿರುವ ಮೊದಲ ನಿಮಿಷದಲ್ಲೇ ಬರುತ್ತದೆ. ಹಲ್ಲು ಊರಿದ ಜಾಗದಲ್ಲಿ ಸಣ್ಣ ಗುಳಿ ಮಾತ್ರ ಬಿದ್ದರೆ ಏಳುವಿಕೆ ಶುದ್ಧ. ಅರ್ಧಚಂದ್ರದ ಗೀರು ಎಳೆದರೆ ಪಾದ ಐಸಿನಲ್ಲೇ ತಿರುಗಿದೆ. ಇಳಿದ ಕ್ಷಣ ಬ್ಲೇಡು ಹಿಂದಕ್ಕೆ ನೀಟಾಗಿ ಹರಿದು ಹೋದರೆ ನಾಲ್ಕೂ ಸುತ್ತು ಇದೆ. ಬದಿಗೆ ಪುಡಿ ಹಿಮ ಚಿಮ್ಮಿ, ಬ್ಲೇಡು ಕೊಕ್ಕೆಯಂತೆ ತಿರುಚಿಕೊಂಡರೆ ಉಳಿದ ಕಾಲು ಸುತ್ತನ್ನು ಅವಳು ನೆಲದ ಮೇಲೆ ಮುಗಿಸುತ್ತಿದ್ದಾಳೆ. ನಿಧಾನಗತಿಯಲ್ಲಿ ಮತ್ತೆ ತೋರಿಸುವ ಮೊದಲೇ ಹೇಳಿಬಿಡು, ಆಮೇಲೆ ತೀರ್ಪುಗಾರರ ಹಾಳೆ ನೋಡಿ ನನಗೊಂದು ಫೋನ್ ಮಾಡು.

ನಿನ್ನ,
ಅಮ್ಮ